ಮುತ್ಯಾನ ಪಿಂಚಣಿ ಕಾಗದ ಒಲಿಗೆ ಹಾಕಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡ ಸುತ್ತಲಿನ ಹಳ್ಳಿಗಳಲ್ಲಿ ‘ಮಿಲ್ಟ್ರಿ ಮನಿ’ ಅಂತ ಹೆಸರಾದ ಮನೆಗಳಿವೆ. ಆ ಮನೆಯವರನ್ನೇ ಕೇಳಿದರೆ, “ನಮ್ಮ ಮುತ್ಯಾ ಬಸ್ರಾಕ್ಕ ಹೋಗಿದ್ನಂತ್ರಿ” ಅನ್ನುತ್ತಾರೆ. ಯಾವ ಪಲ್ಟನ್, ಯಾವ ವರ್ಷ ಅಂದರೆ ಮಾತು ನಿಲ್ಲುತ್ತದೆ. ಆದರೆ ಹಳೆಯ ಟ್ರಂಕಿನ ತಳದಲ್ಲಿ ಮಡಚಿಟ್ಟ ಪಿಂಚಣಿ ಕಾಗದ ಒಂದಿದ್ದರೆ ಉತ್ತರ ಅಲ್ಲೇ ಇರಬಹುದು.

ಬಡ ಸಿಪಾಯಿಯೊಬ್ಬನ ಬಗ್ಗೆ ಸರಕಾರ ಇಷ್ಟು ವಿವರವಾಗಿ ಬರೆದಿಟ್ಟಿದ್ದೇಕೆ? ಪ್ರೀತಿಯಿಂದಲ್ಲ, ದುಡ್ಡಿನ ಸಲುವಾಗಿ. ಸತ್ತವನ ಹೆಸರಲ್ಲಿ ಬೇರೆಯವರು ಪಿಂಚಣಿ ಎತ್ತಬಾರದಲ್ಲ! ಅದಕ್ಕೇ ತಂದೆಯ ಹೆಸರು, ಊರು, ತಾಲ್ಲೂಕು, ಜಾತಿ, ಎತ್ತರ, ಮೈಮೇಲಿನ ಮಚ್ಚೆ, ಗಾಯದ ಕಲೆ, ಹೆಬ್ಬೆಟ್ಟು. ಬಂಗಾಳದ ಹೂಗ್ಲಿಯಲ್ಲಿ ವಿಲಿಯಂ ಹರ್ಷಲ್ ಎಂಬ ಮ್ಯಾಜಿಸ್ಟ್ರೇಟ್ 1877ರಲ್ಲಿ ಪಿಂಚಣಿದಾರರಿಂದ ಬೆರಳಚ್ಚು ಪಡೆಯಲು ಶುರು ಮಾಡಿದ್ದೂ ಇದೇ ಅನುಮಾನದಿಂದ. ಪೊಲೀಸರು ಕಳ್ಳರ ಬೆರಳು ಒತ್ತಿಸಿಕೊಳ್ಳುವ ಪದ್ಧತಿ ಬೇರೂರಿದ್ದು ಆಮೇಲೆ. ಪಿಂಚಣಿ ಆದೇಶಕ್ಕೆ ಎರಡು ಭಾಗ. ಒಂದು ಪಿಂಚಣಿದಾರನ ಕೈಯಲ್ಲಿ, ಇನ್ನೊಂದು ಹಣ ಕೊಡುವ ಖಜಾನೆಯಲ್ಲಿ. ಮನೆಯಲ್ಲಿ ಉಳಿಯುವುದು ಮೊದಲನೆಯದು.

ಮೊದಲ ಮಹಾಯುದ್ಧಕ್ಕೆ ಈ ಭಾಗದ ಮಂದಿ ಹೋದದ್ದು ಹೆಚ್ಚಾಗಿ ಮುಂಬಯಿ ಪ್ರಾಂತ್ಯದ ಪಲ್ಟನ್‌ಗಳಿಂದ. 103, 110 ಮತ್ತು 117ನೆಯ ಮರಾಠಾ ಪಲ್ಟನ್‌ಗಳು ಮೆಸಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಕೂತ್ ಪಟ್ಟಣದಲ್ಲಿ ಸುಮಾರು ಐದು ತಿಂಗಳು ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿದ್ದವು. 1916ರ ಏಪ್ರಿಲ್ 29ರಂದು ಶರಣಾದವು. ಸೆರೆಸಿಕ್ಕ ಎಷ್ಟೋ ಸಿಪಾಯಿಗಳನ್ನು ರೈಲು ಹಳಿ ಹಾಕುವ ಕೆಲಸಕ್ಕೆ ದುಡಿಸಿದರು. ನಮ್ಮ ಮುದುಕರ ಬಾಯಲ್ಲಿ ಉಳಿದ ‘ಬಸ್ರಾ’ ಎಂಬ ಒಂದೇ ಶಬ್ದದ ಹಿಂದೆ ಇಷ್ಟೆಲ್ಲ ಇರಬಹುದು.

ದಲಿತ ಕುಟುಂಬಗಳಿಗೆ ಈ ಹುಡುಕಾಟ ಇನ್ನೂ ಮುಖ್ಯ ಅಂತ ನಮಗನ್ನಿಸುತ್ತದೆ. 1890ರ ದಶಕದಲ್ಲಿ ಬ್ರಿಟಿಷರು ಮಹಾರ್ ಜನರ ಭರ್ತಿ ನಿಲ್ಲಿಸಿದರು. ಯುದ್ಧದಲ್ಲಿ ಆಳು ಸಾಲದೆ ಬಂದಾಗ 1917ರಲ್ಲಿ 111ನೆಯ ಮಹಾರ್ ಪಲ್ಟನ್ ಕಟ್ಟಿದರು, 1921ರಲ್ಲಿ ಮುಚ್ಚಿದರು. ಮತ್ತೆ ಯುದ್ಧ ಬಂತು, 1941ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಶುರುವಾಯಿತು. ಬೇಕಾದಾಗ ಕರೆದು, ಬೇಡವಾದಾಗ ಕಳಿಸಿದವರ ಹೆಸರು ಊರಿನ ಕಥೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಇನ್ನು ಹುಡುಕುವ ದಾರಿ. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಫೋನಿನಿಂದಲೇ, ಪುಕ್ಕಟೆ ಹುಡುಕಬಹುದು. ಸಮಾಧಿ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಮಂದಿಗಾಗಿ ಇರಾಕಿನಲ್ಲಿ ‘ಬಸ್ರಾ ಸ್ಮಾರಕ’ ಇದೆ. ಅದನ್ನು ಕಟ್ಟುವಾಗ ಸಾಮಾನ್ಯ ಭಾರತೀಯ ಸಿಪಾಯಿಗಳ ಹೆಸರು ಕಲ್ಲಿನಲ್ಲಿ ಕೊರೆಯಲಿಲ್ಲ, ಲೆಕ್ಕವಷ್ಟೇ ಹಾಕಿದರು. ಹೆಸರು ಹುಡುಕಬೇಕಾದದ್ದು ಆಯೋಗದ ಪಟ್ಟಿಯಲ್ಲಿ. ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ.

ಎಡವುವುದು ಇಲ್ಲೇ. ಇಂಗ್ಲಿಷರು ಧಾರವಾಡದ ಕೊನೆಗೆ ‘ಡಿ’ ಹಾಕುತ್ತಿರಲಿಲ್ಲ, ‘ಆರ್’ ಹಾಕುತ್ತಿದ್ದರು. ಗದಗ, ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯೇ ಆಗಿದ್ದವು. ಹಾವೇರಿ ಸೀಮೆ ಆಗ ಕರಜಗಿ ತಾಲ್ಲೂಕು, ಶಿಗ್ಗಾಂವಿ ಸೀಮೆ ಬಂಕಾಪುರ ತಾಲ್ಲೂಕು, ಹಿರೇಕೆರೂರು ಕಡೆಯದು ಕೋಡ ತಾಲ್ಲೂಕು. ಕುಂದಗೋಳದವರು ಧಾರವಾಡ ಜಿಲ್ಲೆಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸವಣೂರು ನವಾಬರದು. ಹೆಸರುಗಳ ಗತಿಯಂತೂ ಕೇಳಬೇಡಿ. ಕನ್ನಡದ ಹೆಸರನ್ನು ಮರಾಠಿ ಬಲ್ಲ ಗುಮಾಸ್ತ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆದರೆ ಬಸಪ್ಪ ಬುಸಾಪಾ ಆಗುತ್ತಾನೆ. ನಾಲ್ಕೈದು ರೀತಿ ಬರೆದು ನೋಡಿ.

ಕಾಗದ ಹೋಗಿದ್ದರೂ ಪದಕ ಉಳಿದಿರಬಹುದು. ಅದರ ಅಂಚನ್ನೋ ಹಿಂಬದಿಯನ್ನೋ ಬಿಸಿಲಲ್ಲಿ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ನಂಬರ್, ದರ್ಜೆ, ಹೆಸರು, ಪಲ್ಟನ್ ಕೆತ್ತಿರುತ್ತದೆ. ಮೊದಲ ಯುದ್ಧದ ‘ಬ್ರಿಟಿಷ್ ವಾರ್ ಮೆಡಲ್’ ಬೆಳ್ಳಿಯದು, ಹಾಗಾಗಿ ಎಷ್ಟೋ ಪದಕ ಪತ್ತಾರರ ಅಂಗಡಿಯಲ್ಲಿ ಕರಗಿ ಹೋದವು. ಅದೇ ಪದಕ ಕಂಚಿನದಾಗಿದ್ದರೆ ಮುತ್ಯಾ ಬಹುಶಃ ಲೇಬರ್ ಕೋರ್‌ನಲ್ಲಿ ಹೊರೆ ಹೊತ್ತವನು. ಅವನೂ ಯುದ್ಧಕ್ಕೆ ಹೋದವನೇ.

ಪಲ್ಟನ್ ಗೊತ್ತಾದರೆ ಅದರ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ. ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿದೆ, ಮಹಾರ್ ರೆಜಿಮೆಂಟಿನದು ಮಧ್ಯಪ್ರದೇಶದ ಸಾಗರದಲ್ಲಿ. ನಂಬರ್ ಹಾಕದೆ ಬರೆದರೆ ಅವರಿಗೂ ಕಷ್ಟ.

ನಮಗೆ ಬೇಸರವಾಗುವುದು ಪಿಂಚಣಿ ಇಲ್ಲದವರ ವಿಷಯಕ್ಕೆ. ಎರಡನೆಯ ಯುದ್ಧದಲ್ಲಿ ಭಾರತದ ಸೇನೆ 25 ಲಕ್ಷ ಮುಟ್ಟಿತ್ತು. ಯುದ್ಧ ಮುಗಿದ ಮೇಲೆ ಬಹುತೇಕರನ್ನು ನಾಲ್ಕಾರು ವರ್ಷದ ಸೇವೆಗೇ ಮನೆಗೆ ಕಳಿಸಿದರು. ಪಿಂಚಣಿ ಹುಟ್ಟಲಿಲ್ಲ. ಪಿಂಚಣಿಯಿಲ್ಲದವರ ಕಡತವನ್ನು 25 ವರ್ಷ ಕಳೆದ ಮೇಲೆ ನಾಶ ಮಾಡಬಹುದು ಅಂತ ಸೇನೆಯ ನಿಯಮವೇ ಇದೆ. ಬರ್ಮಾದ ಕಾಡಿನಲ್ಲಿ ನಡೆದುಬಂದವನ ಗುರುತಿಗೆ ‘ಲಾಂಗ್ ರೋಲ್’ ಎಂಬ ದೊಡ್ಡ ರಿಜಿಸ್ಟರಿನಲ್ಲಿ ಒಂದು ಸಾಲು ಉಳಿದರೆ ಪುಣ್ಯ.

ಪಂಜಾಬಿನವರದು ಬೇರೆ ಕಥೆ. ಮೊದಲ ಯುದ್ಧಕ್ಕೆ ಹೋದ ಸುಮಾರು 3,20,000 ಪಂಜಾಬಿ ಸಿಪಾಯಿಗಳ ಊರುವಾರು ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ 97 ವರ್ಷ ಸುಮ್ಮನೆ ಬಿದ್ದಿದ್ದವು. 2021ರಲ್ಲಿ ಅವನ್ನು ಇಂಟರ್‌ನೆಟ್ಟಿಗೆ ಹಾಕಲು ಶುರು ಮಾಡಿದರು. ಲಂಡನ್ನಿನಲ್ಲಿ ಕೂತ ಮೊಮ್ಮಕ್ಕಳಿಗೂ ಅಜ್ಜನ ಊರು, ಹೆಸರು ಸಿಕ್ಕವು.

ನಮ್ಮ ಕಡೆ ಸದ್ಯಕ್ಕೆ ಟ್ರಂಕೇ ಮ್ಯೂಸಿಯಂ. ಕಾಗದ ಸಿಕ್ಕರೆ ಲ್ಯಾಮಿನೇಶನ್ ಮಾಡಿಸಬೇಡಿ, ಹಳೆಯ ಕಾಗದ ಹಾಳಾಗುತ್ತದೆ. ಎರಡೂ ಬದಿ ಫೋಟೊ ತೆಗೆದು ಮನೆಯ ಎರಡು ಮೂರು ಮಂದಿಗೆ ಕಳಿಸಿಡಿ. ರೆಕಾರ್ಡ್ ಆಫೀಸಿನಿಂದ “ದಾಖಲೆ ನಾಶವಾಗಿದೆ” ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಮಾಹಿತಿ ಹಕ್ಕಿನಲ್ಲಿ ಇನ್ನೊಂದು ಅರ್ಜಿ ಹಾಕಿ, ಲಾಂಗ್ ರೋಲ್‌ನಲ್ಲಿರುವ ಆ ಒಂದು ಸಾಲಿನ ನಕಲು ಕೇಳಿ.