ನಾಗರಹೊಳೆಯ ಗಿರಿಜನರೂ ನ್ಯಾಯಸ್ಥಾನದ ತೀರ್ಪೂ

ಮೈಸೂರು ಮತ್ತು ಕೊಡಗು ಜಿಲ್ಲೆಗಳ ಎಲ್ಲೆಯಲ್ಲಿ ಹಬ್ಬಿರುವ ನಾಗರಹೊಳೆಯ ಕಾಡು ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಗಿರಿಜನರಿಗೆ ಬಹುಕಾಲದಿಂದ ನೆಲೆಯಾಗಿದ್ದಿತು. ಜೇನನ್ನೂ ಗೆಡ್ಡೆಗೆಣಸುಗಳನ್ನೂ ಸಂಗ್ರಹಿಸುತ್ತ, ಹಾಡಿಗಳೆಂಬ ಸಣ್ಣ ವಸತಿಗಳಲ್ಲಿ ಬಾಳುತ್ತಿದ್ದ ಈ ಜನರಲ್ಲಿ ಅನೇಕರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಕಾಡನ್ನು ಬಿಟ್ಟು ಹೊರಬರಬೇಕಾಯಿತು. ಈ ವೃತ್ತಾಂತದ ನಡುವೆ ಅವರಿಗೆ ನ್ಯಾಯಸ್ಥಾನದಲ್ಲಿ ಸಂದೇಹವಿಲ್ಲದ ಒಂದು ಜಯವೂ ದೊರೆತಿದ್ದಿತು. ಆದರೂ ನೆಲವು ಅವರ ಪಾಲಿಗೆ ಉಳಿಯಲಿಲ್ಲ. ಗೆದ್ದವರು ಕಳೆದುಕೊಂಡುದು ಹೇಗೆಂಬುದು ಇಲ್ಲಿ ವಿಚಾರಾರ್ಹವಾದ ವಿಷಯವಾಗಿದೆ.

ನಾಗರಹೊಳೆಯು 1955ರಲ್ಲಿ ವನ್ಯಮೃಗಧಾಮವಾಯಿತು. ಕಬಿನಿ ನದಿಗೆ ಕಟ್ಟಿದ ಅಣೆಯು 1974ರಲ್ಲಿ ಮುಗಿಯಲು, ಕಾಕನಕೋಟೆಯ ಕಾಡಿನ ಬಹುಭಾಗ ನೀರಿನಲ್ಲಿ ಮುಳುಗಿತು. 1988ರಲ್ಲಿ ಸುಮಾರು 643 ಚದರ ಕಿಲೋಮೀಟರು ವಿಸ್ತೀರ್ಣದ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಇದಕ್ಕೆ ಆಧಾರವಾದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಸಂಕಲ್ಪಿತ ಉದ್ಯಾನದೊಳಗಿನ ಭೂಮಿಯ ಹಕ್ಕುಗಳೆಲ್ಲವೂ ಮೊದಲು ಸರ್ಕಾರಕ್ಕೆ ಸೇರತಕ್ಕುದು. ಈ ವಿಧಿಯನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

1994ರಲ್ಲಿ ರಾಜ್ಯ ಸರ್ಕಾರವು ಉದ್ಯಾನದೊಳಗಣ ಮೂರ್ಕಲ್ಲಿನ ಕಟ್ಟಡಗಳನ್ನು ಪ್ರವಾಸಿಗರ ವಸತಿಗೃಹಕ್ಕಾಗಿ ತಾಜ್ ಸಮೂಹಕ್ಕೆ ಸೇರಿದ ಹೋಟೆಲ್ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು. ಕಾಡಿನಲ್ಲಿ ವಾಸಿಸುವವರಿಗೆ ನಿಷೇಧ, ಹೊರಗಿನಿಂದ ವಿಹಾರಕ್ಕೆ ಬರುವವರಿಗೆ ಆಹ್ವಾನ ಎಂಬ ಈ ವೈಪರೀತ್ಯವನ್ನು ಗಿರಿಜನರು ಪ್ರತಿಭಟಿಸಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯು ಹೈಕೋರ್ಟಿನಲ್ಲಿ ಅರ್ಜಿಯನ್ನು ಸಲ್ಲಿಸಿತು. 1997ರ ಜನವರಿಯಲ್ಲಿ ಗುತ್ತಿಗೆಯು ಶಾಸನವಿರುದ್ಧವೆಂದು ತೀರ್ಪಾಯಿತು. ಅರಣ್ಯಭೂಮಿಯನ್ನು ಅನ್ಯಕಾರ್ಯಕ್ಕೆ ಕೊಡುವ ಮುನ್ನ ಕೇಂದ್ರ ಸರ್ಕಾರದ ಅನುಮತಿಯನ್ನು ಪಡೆಯತಕ್ಕುದೆಂದು 1980ರ ಅರಣ್ಯ ಸಂರಕ್ಷಣಾ ಕಾಯಿದೆಯು ವಿಧಿಸಿದ್ದಿತು. ಆ ಅನುಮತಿಯನ್ನು ಪಡೆದಿರಲಿಲ್ಲ. ವನ್ಯಜೀವಿ ಕಾಯಿದೆಗೂ ಗುತ್ತಿಗೆಯು ವಿರುದ್ಧವಾಗಿದ್ದಿತು. ಮೇಲ್ಮನವಿಯಲ್ಲಿಯೂ ಈ ತೀರ್ಪೇ ನಿಂತಿತು.

ಇಂತಹ ಜಯವು ನೆಲವನ್ನು ಉಳಿಸದೆಹೋದುದರ ಕಾರಣವನ್ನು ತಿಳಿಯಲು, ಇದಕ್ಕೆ 165 ವರ್ಷ ಮುಂಚೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಚೆರೋಕಿ ಜನಾಂಗದ ವ್ಯಾಜ್ಯವನ್ನು ಇದರೊಡನೆ ಇಟ್ಟು ನೋಡುವುದು ಉಪಯುಕ್ತ. ಚೆರೋಕಿಗಳು ವ್ಯವಸಾಯದಲ್ಲಿ ನೆಲೆನಿಂತವರು. ಸಿಕ್ವೋಯಾ ಎಂಬವನು 1821ರಲ್ಲಿ ಅವರ ಭಾಷೆಗೆ ಲಿಪಿಯನ್ನು ಸಿದ್ಧಪಡಿಸಿದನು. 1827ರಲ್ಲಿ ಅವರು ತಮ್ಮ ರಾಜ್ಯಾಂಗವನ್ನು ಬರೆದುಕೊಂಡರು. ಮರುವರ್ಷ ಪತ್ರಿಕೆಯನ್ನು ಹೊರಡಿಸಿದರು. ಅವರ ನಾಡಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದೊಡನೆ ಜಾರ್ಜಿಯಾ ಸಂಸ್ಥಾನದ ಆಶೆ ಇಮ್ಮಡಿಸಿತು. 1830ರಲ್ಲಿ ಒಕ್ಕೂಟದ ಶಾಸನಸಭೆಯು ಇಂಡಿಯನ್ ಜನಾಂಗಗಳನ್ನು ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಸಾಗಿಸುವ ಕಾಯಿದೆಯನ್ನು ಮಾಡಿತು. ಚೆರೋಕಿಗಳು ಹೂಡಿದ ಮೊದಲನೆಯ ದಾವೆಯನ್ನು 1831ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ಸ್ವೀಕರಿಸಲಿಲ್ಲ. ಆದರೆ ಮರುವರ್ಷ, ಜಾರ್ಜಿಯಾದ ಪರವಾನಗಿಯಿಲ್ಲದೆ ಅವರ ನಡುವೆ ವಾಸಿಸಿದ ತಪ್ಪಿಗಾಗಿ ನಾಲ್ಕು ವರ್ಷಗಳ ಕಠಿನ ಶಿಕ್ಷೆಗೆ ಗುರಿಯಾಗಿದ್ದ ಸ್ಯಾಮ್ಯುಅಲ್ ವುಸ್ಟರ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ, ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದೆಂದು ಮುಖ್ಯ ನ್ಯಾಯಾಧೀಶನಾದ ಜಾನ್ ಮಾರ್ಷಲನು ತೀರ್ಪಿತ್ತನು.

ತೀರ್ಪನ್ನು ಮಾರ್ಷಲನೇ ಜಾರಿಗೆ ತರಲೆಂದು ರಾಷ್ಟ್ರಾಧ್ಯಕ್ಷ ಆಂಡ್ರೂ ಜಾಕ್ಸನನು ಹಾಸ್ಯಮಾಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಆ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡುದು ಜಾಕ್ಸನನು ತೀರಿಕೊಂಡು 19 ವರ್ಷಗಳಾದ ಮೇಲೆ, 1864ರಲ್ಲಿ. ಆದಕಾರಣ ಅದನ್ನು ಪ್ರಮಾಣವಾಗಿ ಗ್ರಹಿಸುವುದು ಯುಕ್ತವಲ್ಲ. ನಡೆದುದು ಇಷ್ಟು: ಜಾರ್ಜಿಯಾ ತೀರ್ಪನ್ನು ಲಕ್ಷಿಸಲಿಲ್ಲ, 1833ರ ಜನವರಿಯಲ್ಲಿ ಪಾದ್ರಿಗೆ ಕ್ಷಮಾದಾನವಾಯಿತು, ಮೊಕದ್ದಮೆ ಅಲ್ಲಿಗೇ ಮುಗಿಯಿತು. 1835ರ ಡಿಸೆಂಬರಿನಲ್ಲಿ ಒಕ್ಕೂಟ ಸರ್ಕಾರವು ಚೆರೋಕಿಗಳಲ್ಲಿ ಒಂದು ಸಣ್ಣ ಪಕ್ಷದೊಡನೆ ನ್ಯೂ ಎಕೋಟದಲ್ಲಿ ಕೌಲು ಮಾಡಿಕೊಂಡಿತು. ಮುಖ್ಯಸ್ಥನಾದ ಜಾನ್ ರಾಸನೂ ಬಹುಜನರೂ ವಿರೋಧಿಸಿದರೂ ಸೆನೆಟ್ ಸಭೆಯು ಅಗತ್ಯವಾದುದಕ್ಕಿಂತ ಒಂದೇ ಮತದ ಹೆಚ್ಚಳದಿಂದ ಅದನ್ನು ಒಪ್ಪಿತು. 1838ರಲ್ಲಿ ಸೈನ್ಯವು ಸುಮಾರು 16,000 ಜನರನ್ನು ಹೊರಡಿಸಿತು. ಅವರಲ್ಲಿ ಸುಮಾರು 4,000 ಜನರು ಮಡಿದರೆಂದು ಸಾಮಾನ್ಯವಾದ ಅಂದಾಜು.

ಜಾರ್ಜಿಯಾ ತೀರ್ಪನ್ನು ಉಲ್ಲಂಘಿಸಿತು. ನಾಗರಹೊಳೆಯಲ್ಲಿಯಾದರೋ ತೀರ್ಪು ಪಾಲಿಸಲ್ಪಟ್ಟು ವಸತಿಗೃಹದ ಯೋಜನೆ ನಿಂತುಹೋಯಿತು. ಹೀಗಿರಲಾಗಿ, ಅವಿಧೇಯತೆಯೊಂದೇ ಸೋಲಿನ ಕಾರಣವೆಂದು ಹೇಳಲಾಗದು. ಎರಡು ತೀರ್ಪುಗಳೂ ನಿಂತ ಆಧಾರವನ್ನು ಪರೀಕ್ಷಿಸಬೇಕು. ಮಾರ್ಷಲನು ಚೆರೋಕಿಗಳನ್ನು ಸ್ವಂತ ನೆಲವುಳ್ಳ ಪ್ರತ್ಯೇಕ ಜನಾಂಗವೆಂದು ಒಪ್ಪಿದುದು ನಿಜ. ಆದರೆ ಅವರೊಡನೆ ವ್ಯವಹರಿಸುವ ಅಧಿಕಾರವು ಒಕ್ಕೂಟದ್ದೇ ಹೊರತು ಜಾರ್ಜಿಯಾದ್ದಲ್ಲವೆಂಬುದು ಆ ತೀರ್ಪಿನ ತಿರುಳು. ಆ ಒಕ್ಕೂಟವೇ ಮುಂದೆ ಅವರನ್ನು ಹೊರಗಟ್ಟಿತು. ನಾಗರಹೊಳೆಯಲ್ಲಿ ಗುತ್ತಿಗೆಯನ್ನು ಮುರಿದುದು ಅರಣ್ಯದ ಮತ್ತು ವನ್ಯಜೀವಿಯ ಕಾಯಿದೆಗಳು. ಹಾಡಿಗಳು ಅಲ್ಲಿರಬಾರದೆಂಬ ವಾದಕ್ಕೂ ಅವೇ ಆಧಾರ. ಹೋಟೆಲನ್ನು ತಡೆದ ಗೋಡೆಯೇ ಗಿರಿಜನರನ್ನೂ ಹೊರಗಿಟ್ಟಿತು. ಎರಡು ಕಡೆಗಳಲ್ಲಿಯೂ ಗೆಲುವನ್ನು ತಂದ ಆಯುಧ ಎದುರಾಳಿಯದೇ ಆಗಿದ್ದಿತು.

ನಾಗರಹೊಳೆಯು 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಹಾಡಿಗಳಿಂದ ಹೊರಬಂದ ಅನೇಕ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲಸಬೇಕಾಯಿತು. ಹೈಕೋರ್ಟು 2009ರಲ್ಲಿ ಪ್ರೊಫೆಸರ್ ಮುಜಫರ್ ಅಸ್ಸಾದಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು, ಪುನರ್ವಸತಿ ಹೊಂದಬೇಕಾದ ಕುಟುಂಬಗಳು 3,418 ಎಂದು 2014ರಲ್ಲಿ ವರದಿ ಮಾಡಿತು. ನ್ಯಾಯಸ್ಥಾನವೇ ಎಣಿಸಿದ ಮೇಲೂ ಎಣಿಕೆಯು ಭೂಮಿಯಾಗಿ ಪರಿಣಮಿಸಲು ಆಡಳಿತದ ಕೈಯನ್ನೇ ಕಾಯಬೇಕಾಯಿತು.

2006ರ ಅರಣ್ಯಹಕ್ಕು ಕಾಯಿದೆಯು ಈ ಚರಿತ್ರೆಯಲ್ಲಿ ಬೇರೊಂದು ಬಗೆಯದು. ಅದು ಕಾಡುವಾಸಿಗಳ ಹಕ್ಕನ್ನು ಸರ್ಕಾರದ ದಾನವೆನ್ನದೆ, ಮೊದಲಿನಿಂದ ಇದ್ದು ಅನ್ಯಾಯವಾಗಿ ಮರೆಯಾದುದೆಂದು ಒಪ್ಪುವುದು. ಆದರೂ 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ತೆರವು ಮಾಡಿಸಲು ಆಜ್ಞಾಪಿಸಿ, ಅದೇ ತಿಂಗಳ 28ರಂದು ಆ ಆಜ್ಞೆಯನ್ನು ತಡೆಹಿಡಿಯಿತು. 2025ರ ಮೇ ತಿಂಗಳಲ್ಲಿ ಹಲವು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಿಂದಿನ ನೆಲೆಗೆ ತಾವಾಗಿಯೇ ಮರಳಿದರು. ತಮ್ಮ ಹಿರಿಯರನ್ನು ಹೂಳಿದ ನೆಲವದೆಂಬುದು ಅವರ ವಾದ. ತೀರ್ಪು ಅನ್ಯರ ಪ್ರವೇಶವನ್ನು ತಡೆಯಬಲ್ಲದು. ಇದ್ದವರನ್ನು ಇರಗೊಡಬೇಕಾದರೆ ಅವರ ಹಕ್ಕೇ ತೀರ್ಪಿನ ಆಧಾರವಾಗಿರಬೇಕು, ಅದನ್ನು ನಡೆಯಿಸುವ ಆಡಳಿತವೂ ಇರಬೇಕು ಎಂಬುದು ಈ ಎರಡು ವೃತ್ತಾಂತಗಳಿಂದ ತಿಳಿದುಬರುವುದು.