ಮಾರುಕಟ್ಟೆಯಲ್ಲಿಲ್ಲದ ಸಂಗೀತದ ಸಂಗ್ರಾಹಕ: ಜಯಚಾಮರಾಜ ಒಡೆಯರು ಮತ್ತು ಗ್ರಾಮಫೋನ್ ಮುದ್ರಿಕೆಗಳು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗ್ರಾಮಫೋನ್ ಕಂಪನಿಗಳು ಭಾರತದ ಮಾರುಕಟ್ಟೆಯನ್ನು ಸಂಸ್ಥಾನ, ಜಿಲ್ಲೆಗಳ ಎಲ್ಲೆಗಳಿಂದ ಅಳೆಯದೆ ಭಾಷೆಗಳಿಂದ ವಿಂಗಡಿಸಿದವು. ಹೀಗಾಗಿ ಮೈಸೂರು ಸಂಸ್ಥಾನಕ್ಕೂ, ಬಂಡೀಪುರದ ಕಾಡಿನಾಚೆ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದ ವಯನಾಡಿಗೂ ನಡುವೆ ಆಡಳಿತದ ಗಡಿಯಿದ್ದರೂ, ಜನ ‘ಪ್ಲೇಟು’ ಎಂದು ಕರೆಯುತ್ತಿದ್ದ ಕನ್ನಡದ ಧ್ವನಿಮುದ್ರಿಕೆ ಗಡಿಯ ಎರಡೂ ಕಡೆ ಒಂದೇ ಪಟ್ಟಿಗೆ ಸೇರಿದ ಸರಕಾಗಿತ್ತು. ನಾಟಕದ ಹಾಡು, ದೇವರನಾಮ, ಮುಂದೆ ಪಿ. ಕಾಳಿಂಗರಾಯರಂಥವರು ಹಾಡಿದ ಭಾವಗೀತೆ, ಇವೆಲ್ಲ ಆ ಪಟ್ಟಿಯ ಮೂಲಕವೇ ಕೇಳುಗರನ್ನು ಮುಟ್ಟಿದವು. ಅದೇ ಕಾಲದಲ್ಲಿ ಮೈಸೂರಿನ ಅರಮನೆಯೊಂದರಲ್ಲಿ ಬೆಳೆಯುತ್ತಿದ್ದ ಸಂಗ್ರಹ ಮಾತ್ರ ಯಾವ ಭಾಷೆಯ ಪಟ್ಟಿಗೂ ಒಗ್ಗುವಂಥದ್ದಾಗಿರಲಿಲ್ಲ.

ಅರಮನೆಗೂ ಪ್ಲೇಟಿಗೂ ನಂಟು ಅದಕ್ಕಿಂತ ಹಳೆಯದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ನಡೆಸಿದ, ಭಾರತದ ಮೊಟ್ಟಮೊದಲ ವಾಣಿಜ್ಯ ಧ್ವನಿಮುದ್ರಣಗಳಲ್ಲಿ ಹಾಡಿ, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರಿ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಗಾಲವನ್ನು ಕಳೆದದ್ದು ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಅವರು 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ನಾಲ್ವಡಿಯವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು, ಅದನ್ನು ನಡೆಸಲು ಜರ್ಮನಿಯ ಆಟೋ ಸ್ಮಿತ್ ನೇಮಕಗೊಂಡಿದ್ದರು. ಆ ನಾದದ ನಡುವೆ ಬೆಳೆದ ಜಯಚಾಮರಾಜ ಒಡೆಯರು (1919–1974) ಪಿಯಾನೋ ಕಲಿತು, ಕಛೇರಿ ನಡೆಸುವ ಪಿಯಾನೋ ವಾದಕರಾಗುವ ಆಸೆ ಹೊತ್ತಿದ್ದರು. ಆದರೆ 1940ರಲ್ಲಿ ಮೊದಲು ತಂದೆಯೂ ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡದ್ದರಿಂದ, ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನವೇರಬೇಕಾಯಿತು. ವೇದಿಕೆಯ ಆಸೆ ಕೈಬಿಟ್ಟುಹೋದ ಮೇಲೆ ಪಾಶ್ಚಾತ್ಯ ಸಂಗೀತದೊಡನೆ ಅವರ ಒಡನಾಟ ಬಹುಪಾಲು ಮುದ್ರಿಕೆಗಳ ಮೂಲಕವೇ ಮುಂದುವರಿಯಿತು.

ಆ ಕಾಲದ ಮುದ್ರಿಕೆಯೆಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿಗೆ ಕಲ್ಲಿನ ಪುಡಿ ಮತ್ತು ಮಸಿ ಬೆರೆಸಿ ಒತ್ತಿದ, ಕೈಜಾರಿದರೆ ಚೂರಾಗುವ ತಟ್ಟೆ. ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದಲೇ, ಆದರೂ 1908ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆ ತೆರೆಯುವವರೆಗೆ ಭಾರತದ ಹಾಡುಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗಿ ಹಡಗಿನಲ್ಲಿ ಹಿಂತಿರುಗುತ್ತಿದ್ದವು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ನಾಲ್ಕರಿಂದ ಐದು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿದ್ದುದರಿಂದ, ಅರ್ಧ ಗಂಟೆಯ ಸಿಂಫನಿಯೊಂದಕ್ಕೆ, ಅಂದರೆ ಪೂರ್ಣ ವಾದ್ಯವೃಂದಕ್ಕಾಗಿ ರಚಿಸಿದ ಹಲವು ಭಾಗಗಳ ದೊಡ್ಡ ಕೃತಿಗೆ, ನಾಲ್ಕಾರು ತಟ್ಟೆಗಳು ಬೇಕಾಗುತ್ತಿದ್ದವು. ಅವನ್ನು ಪುಸ್ತಕದಂತೆ ಹೊಲಿದ ಕಾಗದದ ಚೀಲಗಳಲ್ಲಿಟ್ಟು ಮಾರುತ್ತಿದ್ದ ಕಟ್ಟಿಗೆ ‘ಆಲ್ಬಂ’ ಎಂದು ಹೆಸರು. ಇಷ್ಟು ದುಬಾರಿಯಾದ ಕಟ್ಟನ್ನು ಕಂಪನಿಗಳು ಬೀಥೋವನ್ನನಂಥ ಖಚಿತ ಬೇಡಿಕೆಯ ರಚನಕಾರರಿಗೆ ಮಾತ್ರ ಧೈರ್ಯದಿಂದ ಹೊರತರುತ್ತಿದ್ದವು.

ಉಳಿದವರಿಗಾಗಿ ಎಚ್‌ಎಂವಿ ಕಂಪನಿಯ ವಾಲ್ಟರ್ ಲೆಗ್ ಒಂದು ಉಪಾಯ ಹೂಡಿದ್ದರು. 1931ರಲ್ಲಿ ಹ್ಯೂಗೋ ವೋಲ್ಫ್‌ನ ಗೀತೆಗಳಿಗಾಗಿ ‘ಸೊಸೈಟಿ’ಯೊಂದನ್ನು ಹುಟ್ಟುಹಾಕಿ, ಐನೂರು ಚಂದಾದಾರರು ಮುಂಗಡ ಕೊಟ್ಟ ಮೇಲೆಯೇ ಮುದ್ರಣ ಆರಂಭಿಸುವುದು ಆ ಉಪಾಯ, ಕೇಳುಗರು ಸಿಗುವರೋ ಇಲ್ಲವೋ ಎಂಬ ಭಯ ಕಂಪನಿಯ ತಲೆಯಿಂದ ಚಂದಾದಾರರ ಜೇಬಿಗೆ ವರ್ಗವಾಗುತ್ತಿತ್ತು. ನಿಕೊಲಾಯ್ ಮೆಟ್ನರ್ ಎಂಬ, ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲೆಸಿ, ವಯಸ್ಸಾಗಿ, ಬಹುಮಟ್ಟಿಗೆ ಮರೆತುಹೋಗಿದ್ದ ಪಿಯಾನೋ ರಚನಕಾರನಿಗಾಗಿ ಐನೂರು ಜನ ಮುಂದೆ ಬರುವ ಸಂಭವ ಕಡಿಮೆಯಿತ್ತು. ಅಷ್ಟೂ ಜನರ ಪಾತ್ರವನ್ನು ಮೈಸೂರಿನ ಮಹಾರಾಜರು ಒಬ್ಬರೇ ವಹಿಸಿದರು. ಅವರ ನೆರವಿನಿಂದ ರೂಪುಗೊಂಡ ಮೆಟ್ನರ್ ಸೊಸೈಟಿಗಾಗಿ 1947ರಲ್ಲಿ ಆತನ ಮೂರೂ ಪಿಯಾನೋ ಕಂಚೆರ್ಟೋಗಳು, ಅಂದರೆ ಒಂಟಿ ವಾದ್ಯ ಮತ್ತು ವಾದ್ಯವೃಂದದ ಸಂವಾದದಂತಿರುವ ರಚನೆಗಳು, ಸ್ವತಃ ಮೆಟ್ನರನ ಬೆರಳಿನಲ್ಲಿಯೇ ಮುದ್ರಣಗೊಂಡವು; ಮುಂದೆ ಎಲಿಜಬೆತ್ ಶ್ವಾರ್ಜ್‌ಕಾಫ್‌ರಂಥ ಗಾಯಕಿಯರು ಹಾಡಿದ ಆತನ ಗೀತೆಗಳೂ ಸೇರಿಕೊಂಡವು. ಮೂರನೆಯ ಕಂಚೆರ್ಟೋವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾನೆ.

ಸಂಗ್ರಾಹಕನೊಬ್ಬನ ಅಭಿರುಚಿಯನ್ನು ಆತ ಕೊಂಡ ತಟ್ಟೆಗಳಿಂದ ಅಳೆಯುವುದು ರೂಢಿ. ಜಯಚಾಮರಾಜ ಒಡೆಯರ ವಿಷಯದಲ್ಲಿ ಈ ಅಳತೆ ಸಾಲುವುದಿಲ್ಲ. ಮೈಸೂರಿಗೆ ಬಂದು ವಾರಗಟ್ಟಲೆ ಅತಿಥಿಯಾಗಿದ್ದ ಲೆಗ್, ಗಂಭೀರ ಸಂಗೀತದ ಊಹಿಸಬಹುದಾದ ಮುದ್ರಣಗಳೆಲ್ಲ ಅರಮನೆಯ ಭಂಡಾರದಲ್ಲಿದ್ದವೆಂದೂ, ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳೂ ಹಲವು ದೊಡ್ಡ ಪಿಯಾನೋಗಳೂ ಇದ್ದವೆಂದೂ ನೆನೆದಿದ್ದಾರೆ. ಹಣ ಕೇಳಲು ಬಂದವರ ಮೆಚ್ಚುಗೆಯಲ್ಲಿ ಒಂದಿಷ್ಟು ಉತ್ಪ್ರೇಕ್ಷೆ ಸಹಜವೆಂದು ಕಳೆದರೂ, ಮಾರುಕಟ್ಟೆ ಕೊಡಬಲ್ಲದ್ದೆಲ್ಲವೂ ಬಹುಪಾಲು ಕೈಸೇರಿದ ಮೇಲೆ ಆ ಸಂಗ್ರಾಹಕರಿಗೆ ಉಳಿದದ್ದು ಪಟ್ಟಿಯಲ್ಲಿ ಇಲ್ಲದ್ದರ ಬಗೆಗಿನ ಅಭಿಪ್ರಾಯ ಎಂಬುದು ಸ್ಪಷ್ಟ. ಮುದ್ರಿಸಬೇಕೆಂದು ಅವರು ಬಯಸಿದ್ದು ರಷ್ಯದ ಬಾಲಾಕಿರೆವ್‌ನ ಸಿಂಫನಿ, ಫ್ರಾನ್ಸಿನ ರೂಸೆಲ್‌ನ ನಾಲ್ಕನೆಯ ಸಿಂಫನಿ, ಅಮೆರಿಕದ ಮೂಲನಿವಾಸಿಗಳ ರಾಗಗಳನ್ನು ಆಧರಿಸಿ ಬುಸೋನಿ ಕಟ್ಟಿದ ‘ಇಂಡಿಯನ್ ಫ್ಯಾಂಟಸಿ’ಯಂಥ ಕೃತಿಗಳನ್ನು. ಹತ್ತೊಂಬತ್ತನೆಯ ಶತಮಾನದ ರಷ್ಯನ್ ಕೃತಿಯೂ, ರಚಿಸಿ ಹದಿನೈದು ವರ್ಷವಾಗಿದ್ದ ರೂಸೆಲ್‌ನ ಕೃತಿಯೂ ಒಂದೇ ಪಟ್ಟಿಯಲ್ಲಿದ್ದುದನ್ನು ನೋಡಿದರೆ, ಹಳತು ಹೊಸತೆಂಬ ಭೇದಕ್ಕಿಂತ ಉಪೇಕ್ಷೆಗೆ ಒಳಗಾಗಿದೆಯೇ ಎಂಬ ಪ್ರಶ್ನೆಗೆ ಅವರು ಹೆಚ್ಚು ಬೆಲೆ ಕೊಟ್ಟಂತೆ ತೋರುತ್ತದೆ. ಬಾಲಾಕಿರೆವ್ ಮತ್ತು ರೂಸೆಲ್ ಸಿಂಫನಿಗಳನ್ನು 1949ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಹರ್ಬರ್ಟ್ ಫಾನ್ ಕರಾಯನ್ ಮುದ್ರಿಸಿದರು.

ಫಿಲ್‌ಹಾರ್ಮೋನಿಯ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದ, ಆರಂಭದಲ್ಲಿ ಹಣದ ಮುಗ್ಗಟ್ಟಿನಲ್ಲಿದ್ದ ವಾದ್ಯವೃಂದ. ಅದಕ್ಕೂ ಅದರ ಕಛೇರಿಗಳನ್ನು ಏರ್ಪಡಿಸುವ ಸಂಸ್ಥೆಗೂ ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು, ಆ ಸಂಸ್ಥೆಯ ಮೊದಲ ಅಧ್ಯಕ್ಷರೂ ಆದರು. ಆಗಿನ ವಿನಿಮಯ ದರದಲ್ಲಿ ಅದು ವರ್ಷಕ್ಕೆ ಸುಮಾರು 1,33,000 ರೂಪಾಯಿ. ಸಂಸ್ಥಾನ ಭಾರತದಲ್ಲಿ ವಿಲೀನಗೊಂಡ ಮೇಲೆ ಮೈಸೂರು ರಾಜಮನೆತನಕ್ಕೆ ನಿಗದಿಯಾದ 26 ಲಕ್ಷ ರೂಪಾಯಿಯ ವಾರ್ಷಿಕ ರಾಜಧನದ ಪಕ್ಕದಲ್ಲಿಟ್ಟರೆ, ಇದು ಅದರ ಇಪ್ಪತ್ತನೆಯ ಒಂದು ಭಾಗ. ಸ್ವಾತಂತ್ರ್ಯದ ಹೊಸ್ತಿಲಿನಲ್ಲಿದ್ದ ಬಡ ದೇಶದ ಅರಸರೊಬ್ಬರು ಲಂಡನ್ನಿನ ವಾದ್ಯಗಾರರ ಸಂಬಳಕ್ಕೆ ಹಣ ಕಟ್ಟಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಇಂದಿನ ಓದುಗ ಕೇಳದೆ ಇರಲಾರ, ಕೇಳಲೂಬೇಕು. ಆದರೆ ಇದನ್ನು ಪಶ್ಚಿಮದ ಬರಿಯ ವ್ಯಾಮೋಹವೆನ್ನಲು ಅವರ ಇನ್ನೊಂದು ಸಾಧನೆ ಅಡ್ಡಬರುತ್ತದೆ: ಮೈಸೂರು ವಾಸುದೇವಾಚಾರ್ಯರ ಸಾಹಚರ್ಯದಲ್ಲಿ ಕರ್ನಾಟಕ ಸಂಗೀತಕ್ಕೆ ಹೊರಳಿದ ಅದೇ ಅರಸರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು, ಅಪರೂಪದ ರಾಗಗಳ ಒಲವು ಅಲ್ಲಿಯೂ ಎದ್ದು ಕಾಣುತ್ತದೆ.

1949ರಲ್ಲಿ ತೀರಿಕೊಂಡ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್‌ರ ಕಂಠದಲ್ಲಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂದಾಗಲೂ ಖರ್ಚಿಗೆ ಹೊಣೆ ನಿಂತವರು ಮೈಸೂರಿನವರೇ. ಕಛೇರಿಗೆ ಹೋಗಲಾಗದ ಮಹಾರಾಜರು 4,800 ಡಾಲರಿನ ಖಾತರಿ ಕೊಟ್ಟು, ಅದನ್ನು ತಮ್ಮ ಸಂಗ್ರಹಕ್ಕಾಗಿ ಮುದ್ರಿಸಿಕೊಡಬೇಕೆಂದು ಕೇಳಿದ್ದರು. ಅದಕ್ಕೆ ಬಳಕೆಯಾದದ್ದು ಅಸಿಟೇಟ್ ತಟ್ಟೆ, ಅಂದರೆ ಕಾರ್ಖಾನೆಯಲ್ಲಿ ಒತ್ತದೆ ಮೃದು ಲೇಪದ ಮೇಲೆ ನೇರವಾಗಿ ಕೊರೆದದ್ದು. ಪ್ರತಿ ಬಾರಿ ಕೇಳಿದಾಗಲೂ ಅದು ಮುಳ್ಳಿನ ಕೆಳಗೆ ಒಂದಿಷ್ಟು ಸವೆಯುತ್ತದೆ. ಆ ಮುದ್ರಣ ಹೇಗೋ ಉಳಿದು ಬಹುಕಾಲದ ನಂತರ ಸಿಡಿಯಾಗಿ ಹೊರಬಂದಿದೆ; ಸದ್ದಿನ ನಡುವೆ ಕಿವಿಗೊಟ್ಟು ಕೇಳಬೇಕಾದ ಮುದ್ರಣವದು.

ಮೆಟ್ನರನ ಸಮಗ್ರ ಕೃತಿಗಳನ್ನು ಮುದ್ರಿಸುವ ಯೋಜನೆ ಪೂರ್ತಿಯಾಗಲಿಲ್ಲ. ಆತ 1951ರ ನವೆಂಬರಿನಲ್ಲಿ ತೀರಿಕೊಂಡ, ಮರುವರ್ಷ ಎಚ್‌ಎಂವಿಯ ಮಾತೃಸಂಸ್ಥೆಯಾಗಿದ್ದ ಇಎಂಐ, ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ಹಿಡಿಯುವ ನಿಧಾನಗತಿಯ ಎಲ್‌ಪಿ ತಟ್ಟೆಗಳನ್ನು ಬ್ರಿಟನ್ನಿನಲ್ಲಿ ಮಾರಾಟಕ್ಕಿಳಿಸಿತು. ಅರಗಿನ ತಟ್ಟೆಗಳ ಆಲ್ಬಂಗಳು ಬೇಗನೆ ಅಂಗಡಿಗಳಿಂದ ಮರೆಯಾದವು, ಅವುಗಳೊಡನೆ ಮೆಟ್ನರನೂ ಮರೆಯಾದ. 1990ರ ದಶಕದಲ್ಲಿ ಟೆಸ್ಟಮೆಂಟ್ ಎಂಬ ಬ್ರಿಟಿಷ್ ಕಂಪನಿ ಆತನೇ ನುಡಿಸಿದ ಕಂಚೆರ್ಟೋಗಳನ್ನು ಸಿಡಿಗೆ ಇಳಿಸಿದಾಗ ಅದಕ್ಕೆ ಆಧಾರವಾದದ್ದು ಮೈಸೂರಿನ ಹಣದಿಂದ ಆದ ಮುದ್ರಣಗಳೇ.