ಸೈಕಲ್ ಟೈರಿನ ಅಗಲ

ಸೈಕಲ್ ಕೊಳ್ಳಹೊರಟವರು ಬಣ್ಣವನ್ನು ನೋಡುತ್ತಾರೆ, ಬೆಲೆಯನ್ನು ವಿಚಾರಿಸುತ್ತಾರೆ, ಬ್ರೇಕನ್ನು ಒಂದೆರಡು ಸಲ ಒತ್ತಿ ನೋಡುತ್ತಾರೆ. ಟೈರಿನ ಅಗಲವೆಷ್ಟು ಎಂದು ಕೇಳುವವರು ತೀರ ವಿರಳ. ಕೇಳಿದರೂ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಟೈರು ಸಣ್ಣದಾದಷ್ಟೂ ಗಾಡಿ ಜೋರಾಗಿ ಓಡುತ್ತದೆ. ಸುಮಾರು ನೂರು ವರ್ಷ ಸೈಕಲ್ ಪ್ರಪಂಚವನ್ನು ಆಳಿದ ನಂಬಿಕೆ ಇದು. ಆದರೆ ಗಾಳಿ ತುಂಬಿದ ಟೈರು ಹುಟ್ಟಿದ ಮನೆಯ ಅಂಗಳದಲ್ಲಿಯೇ ಈ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯ ದೊರೆತಿತ್ತೆಂಬುದು ವಿನೋದದ ಸಂಗತಿ.

ಆ ಅಂಗಳ ಬೆಲ್‌ಫಾಸ್ಟ್ ನಗರದ್ದು. ಅಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಸ್ಕಾಟ್ಲೆಂಡಿನವನ ಚಿಕ್ಕ ಮಗನಿಗೆ ಮೂರು ಚಕ್ರದ ಸೈಕಲ್ಲಿನ ಹುಚ್ಚು. ಆಗಿನ ಚಕ್ರಗಳಿಗೆ ಗಟ್ಟಿ ರಬ್ಬರಿನ ಪಟ್ಟಿ; ಬೀದಿಗಳಿಗೆ ಕಲ್ಲುಹಾಸು. ಹುಡುಗನ ಮೈ ನುಗ್ಗಾಗುವುದಕ್ಕೆ ಇನ್ನೇನು ಬೇಕು? 1887ರಲ್ಲಿ ಡನ್‌ಲಪ್ ದುಂಡನೆಯ ಮರದ ಹಲಗೆಯೊಂದರ ಸುತ್ತ ತೆಳು ರಬ್ಬರಿನ ಕೊಳವೆಯನ್ನು ಕೂಡಿಸಿ, ಬಟ್ಟೆಯಿಂದ ಬಿಗಿದು, ಗಾಳಿ ತುಂಬಿದ. ಅದನ್ನೂ ಮಗನ ಸೈಕಲ್ಲಿನ ಗಟ್ಟಿ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿದ. ಗಟ್ಟಿ ಚಕ್ರ ನಡುವೆಯೇ ಬಿದ್ದುಹೋಯಿತು. ಗಾಳಿಯ ಚಕ್ರ ಅಂಗಳವನ್ನೆಲ್ಲ ದಾಟಿ ಆಚೆಯ ಗೇಟಿಗೆ ಬಡಿಯಿತು. ಮಗನ ಸುಖಕ್ಕೆಂದು ಮಾಡಿದ್ದು ವೇಗಕ್ಕೂ ಒದಗಿಬಂದಿತ್ತು. 1889ರ ಮೇ ತಿಂಗಳಲ್ಲಿ ಅದೇ ಊರಿನ ಪಂದ್ಯಗಳಲ್ಲಿ ವಿಲಿಯಂ ಹ್ಯೂಂ ಎಂಬ ಸವಾರ ಇಂಥ ದಪ್ಪ ಟೈರಿನ ಸೈಕಲ್ ತಂದಾಗ ನೆರೆದವರು ನಕ್ಕರು. ಅವನು ಗೆದ್ದ ಮೇಲೆ ನಗೆ ನಿಂತಿತು.

ನ್ಯಾಯವಾಗಿ ಹೇಳಬೇಕೆಂದರೆ ಗಾಳಿಯ ಚಕ್ರವನ್ನು ಮೊದಲು ಕಲ್ಪಿಸಿದವನು ಡನ್‌ಲಪ್ ಅಲ್ಲ. ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದ. ಆದರೆ ಅವನು ಅದನ್ನು ಕುದುರೆಗಾಡಿಗೆ ಕಟ್ಟಿದ. ಸೈಕಲ್ಲೇ ಇನ್ನೂ ಬಳಕೆಗೆ ಬಂದಿರದ ಕಾಲ ಅದು. ಡನ್‌ಲಪ್‌ನ ಪೇಟೆಂಟು ಈ ಕಾರಣದಿಂದ ಮುಂದೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.

ಹೀಗೆ ಮೆತ್ತನೆಯ ಗುಣದಿಂದಲೇ ಗೆದ್ದ ವಸ್ತು ಬರಬರುತ್ತ ಸಣ್ಣದೂ ಗಟ್ಟಿಯೂ ಆದದ್ದೇಕೆ? ಪಂದ್ಯದ ಪಥಗಳು ಇದಕ್ಕೆ ಮುಖ್ಯ ಕಾರಣವೆಂದು ನನ್ನ ಎಣಿಕೆ. ನುಣುಪಾದ ಮರದ ಹಲಗೆಯ ಮೇಲೆ, ಸಿಮೆಂಟಿನ ಮೇಲೆ ಸುತ್ತುವವನಿಗೆ ಕಲ್ಲಿನ ಕಾಟವಿಲ್ಲ; ತೂಕ ಕಡಮೆಯಾದರೆ ಸಾಕು. ಕಾರ್ಖಾನೆಗಳಲ್ಲಿ ಟೈರನ್ನು ಪರೀಕ್ಷಿಸುತ್ತಿದ್ದುದೂ ನಯವಾದ ಉಕ್ಕಿನ ಉರುಳೆಯ ಮೇಲೆ. ಅಲ್ಲಿ ಗಾಳಿ ಬಿಗಿಯಾದಷ್ಟೂ ಫಲ ಚೆನ್ನಾಗಿ ಕಾಣುತ್ತದೆ. ಆದರೆ ಉರುಳೆಯ ಮೇಲೆ ಸೀಟಿನಲ್ಲಿ ಮನುಷ್ಯ ಕುಳಿತಿರುವುದಿಲ್ಲ. ಒರಟು ರಸ್ತೆಯಲ್ಲಿ ಬಿಗಿದ ಟೈರು ಪ್ರತಿಯೊಂದು ಜಲ್ಲಿಗೂ ಸವಾರನನ್ನು ಸೈಕಲ್ ಸಮೇತ ಎತ್ತಿ ಕುಕ್ಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಅವನ ಸೊಂಟ, ಭುಜ, ಮಣಿಕಟ್ಟುಗಳ ಅದುರಿನಲ್ಲಿ ಕರಗಿಹೋಗುತ್ತದೆ. ಅಗಲವಾದ ಮೆತ್ತನೆಯ ಟೈರಾದರೋ ಜಲ್ಲಿಯನ್ನು ತನ್ನೊಳಗೆ ಹುದುಗಿಸಿಕೊಂಡು ಮುಂದೆ ಸಾಗುತ್ತದೆ. ಕಛೇರಿಗೆ ಹೋಗುವ ಗುಮಾಸ್ತನಿಗೆ ಪಂದ್ಯಗಾರನ ಟೈರು ಮಾದರಿಯಾದದ್ದು ಹೀಗೆ ಉರುಳೆಯ ಮಾತನ್ನು ನಂಬಿದ್ದರಿಂದ.

ಫ್ರಾನ್ಸಿನಲ್ಲಿ ಇದನ್ನು ಒಪ್ಪದವನೊಬ್ಬನಿದ್ದ. ವೆಲೋಸಿಯೊ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವಿ ಸಾಂತ್-ಎತಿಯೆನ್ ಪಟ್ಟಣದವನು. ರೇಷ್ಮೆಯ ವ್ಯಾಪಾರವನ್ನು ಬಿಟ್ಟು ಸೈಕಲ್ಲಿಗೆ ಒಲಿದವನು; 1887ರಲ್ಲಿ ತಾನೇ ಒಂದು ಪತ್ರಿಕೆಯನ್ನು ಆರಂಭಿಸಿದ. ಬೆಟ್ಟದ ಕಲ್ಲುದಾರಿಯಲ್ಲಿ ದಿನವೆಲ್ಲ ತುಳಿಯುವವನಿಗೆ ಅಗಲವಾದ ಟೈರೇ ತಕ್ಕದ್ದೆಂದು ಅವನ ವಾದ. 1930ರಲ್ಲಿ ಅವನು ತೀರಿಕೊಂಡ. ಅವನ ದಾರಿ ಹಿಡಿದ ಪ್ರವಾಸಿ ಸವಾರರು ನಾಲ್ಕು ಸೆಂಟಿಮೀಟರಿಗೂ ಮಿಗಿಲಾದ ‘ಅರ್ಧ ಬಲೂನು’ ಟೈರುಗಳನ್ನು ಬಹುಕಾಲ ಬಿಡಲಿಲ್ಲ. ಫ್ರೆಂಚರು ಟೈರಿನ ಅಳತೆಗೆ ಎ, ಬಿ, ಸಿ ಎಂಬ ಅಕ್ಷರಗಳನ್ನು ಸೇರಿಸುತ್ತಿದ್ದರು. ಎ ಎಂದರೆ ಸಣ್ಣ ಟೈರು, ಸಿ ಎಂದರೆ ಅದಕ್ಕಿಂತ ಬಹಳ ಅಗಲವಾದದ್ದು. ಇಂದು ಪಂದ್ಯದ ಸೈಕಲ್ಲಿನ ಕಡ್ಡಿಯಂಥ ಟೈರಿನ ಮೇಲೆ ಅಚ್ಚಾಗಿರುವ 700ಸಿ ಎಂಬ ಗುರುತಿನಲ್ಲಿ ಉಳಿದಿರುವುದು ಆ ಅಗಲದ ಅಕ್ಷರವೇ! ಶಬ್ದದ ಅರ್ಥ ಹೀಗೆ ತಲೆಕೆಳಗಾಗುವುದು ಭಾಷೆ ಓದಿದವರಿಗೆ ಹೊಸದಲ್ಲ; ಹಳಗನ್ನಡದಲ್ಲಿ ಪರಿಮಳಕ್ಕೂ ಸಲ್ಲುತ್ತಿದ್ದ ‘ನಾಱು’ ಎಂಬ ಧಾತು ಇಂದು ದುರ್ಗಂಧಕ್ಕೆ ಮಾತ್ರ ಉಳಿದಿಲ್ಲವೇ?

ಅಮೆರಿಕದಲ್ಲಿ ಫ್ರಾಂಕ್ ಷ್ವಿನ್ 1933ರಲ್ಲಿ ಎರಡು ಅಂಗುಲಕ್ಕೂ ಮಿಗಿಲಾದ ಬಲೂನು ಟೈರನ್ನು ತಂದ. ಮನೆಮನೆಗೆ ಪತ್ರಿಕೆ ಹಾಕುವ ಹುಡುಗರಿಗೆ ಅದು ಮೆಚ್ಚಾಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಯುವಕರು ಗುಜರಿಗೆ ಬಿದ್ದಿದ್ದ ಅದೇ ಹಳೆಯ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸಲು ತೊಡಗಿ ‘ಮೌಂಟನ್ ಬೈಕ್’ ಎಂಬ ಹೊಸ ಜಾತಿಯನ್ನೇ ಹುಟ್ಟಿಸಿದರು. ಆದರೆ ಬಲೂನು ಟೈರಿನ ಗೋಡೆ ದಪ್ಪ, ಮೈ ಭಾರ. ತುಳಿಯಲು ಕಷ್ಟವಾದಾಗ ಜನ ಅಗಲವನ್ನು ದೂರಿದರೇ ಹೊರತು ಒರಟು ರಬ್ಬರನ್ನು ದೂರಲಿಲ್ಲ.

ನಮ್ಮ ದೇಶದ ಕತೆ ಇನ್ನೂ ಸ್ವಾರಸ್ಯವಾದದ್ದು. ಇಲ್ಲಿನ ಕರಿಯ ಸೈಕಲ್ಲಿಗೆ ಹಾಕುತ್ತ ಬಂದದ್ದು ‘ಇಪ್ಪತ್ತೆಂಟು ಒಂದೂವರೆ’ ಟೈರು. ಎಂದರೆ ಚಕ್ರದ ಹೊರಸುತ್ತಿನ ವ್ಯಾಸ 28 ಅಂಗುಲ, ಟೈರಿನ ಅಗಲ ಒಂದೂವರೆ ಅಂಗುಲ, ಸುಮಾರು 40 ಮಿಲಿಮೀಟರು. ಇದರ ರಿಮ್ಮು ಫ್ರೆಂಚರ 700ಬಿ ರಿಮ್ಮೇ. ಡನ್‌ಲಪ್ ಹೆಸರಿನ ಕಾರ್ಖಾನೆ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ ಮದರಾಸಿನ ಅಂಬತ್ತೂರು, ಬಂಗಾಳದ ಆಸನ್‌ಸೋಲ್, ಹರಿಯಾಣದ ಸೋನಿಪತ್‌ಗಳಲ್ಲಿ ಸೈಕಲ್ ಕಾರ್ಖಾನೆಗಳೆದ್ದವು. ಹಾಲಿನ ಕ್ಯಾನು, ಅಂಚೆಯ ಚೀಲ, ಮುಂದಿನ ಕೊಳವೆಯ ಮೇಲೆ ಮಗು, ಕ್ಯಾರಿಯರಿನ ಮೇಲೆ ಹೆಂಡತಿ: ಇಷ್ಟನ್ನೂ ಆ ಒಂದೂವರೆ ಅಂಗುಲ ಹೊತ್ತಿತು. ನಮ್ಮ ಮಣ್ಣುರಸ್ತೆಗೆ ಅದಕ್ಕಿಂತ ಹೊಂದುವ ಅಳತೆ ಇರಲಿಲ್ಲ. ಗೇರು ಸೈಕಲ್ಲುಗಳು ಬಂದಾಗ ಪೇಟೆಯ ಯುವಕರು ಇದನ್ನು ಹಳ್ಳಿಯ ಸರಕೆಂದು ಕೈಬಿಟ್ಟು, ಬೆಂಗಳೂರಿನ ಗುಂಡಿಗಳ ಮೇಲೆ 23 ಮಿಲಿಮೀಟರಿನ ಟೈರನ್ನು ಓಡಿಸತೊಡಗಿದರು. ಗುಂಡಿಯ ಅಂಚಿಗೆ ರಿಮ್ಮು ಬಡಿದಾಗ ನಡುವೆ ಸಿಕ್ಕ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುವುದನ್ನು ಪಂಕ್ಚರ್ ಅಂಗಡಿಯವರು ಚೆನ್ನಾಗಿ ಬಲ್ಲರು.

ಪಂದ್ಯಗಾರರೇ ಈಗ ಮನಸ್ಸು ಬದಲಿಸಿದ್ದಾರೆ. 2000ದ ಈಚೆಗೆ ಉರುಳೆಯನ್ನು ಬಿಟ್ಟು ನಿಜವಾದ ರಸ್ತೆಯ ಮೇಲೆ, ಸವಾರನನ್ನು ಕೂಡಿಸಿಯೇ ಪರೀಕ್ಷೆಗಳು ನಡೆದವು. ಗೋಡೆ ತೆಳುವಾಗಿ ಬಳುಕುವಂತಿದ್ದರೆ ಅಗಲವಾದ ಟೈರು ನಿಧಾನವಲ್ಲವೆಂದು ತೋರಿತು. 23 ಮಿಲಿಮೀಟರಿನಲ್ಲಿದ್ದವರು 25ಕ್ಕೆ, ಅಲ್ಲಿಂದ 28ಕ್ಕೆ ಬಂದರು.

ದಿನವೂ ಐದಾರು ಮೈಲಿ ತುಳಿಯುವವರಿಗೆ ನಾನು 35ರಿಂದ 42 ಮಿಲಿಮೀಟರಿನ ಟೈರನ್ನೇ ಹೇಳುತ್ತೇನೆ. ಕೊಳ್ಳುವ ಮೊದಲು ಮಡ್‌ಗಾರ್ಡಿಗೂ ಚೌಕಟ್ಟಿಗೂ ಟೈರಿಗೂ ನಡುವೆ ಕಿರುಬೆರಳ ತುದಿಯಾದರೂ ಹಿಡಿಯುವಷ್ಟು ಜಾಗವಿದೆಯೇ ಎಂದು ನೋಡಬೇಕು. ಗೋಡೆಯನ್ನು ಬೆರಳಿನಿಂದ ಹಿಸುಕಿ ನೋಡಬೇಕು, ಮರದಂತಿದ್ದರೆ ಬೇಡ. ಸಣ್ಣ ಟೈರಿಗೆ ಚದರಂಗುಲಕ್ಕೆ ನೂರು ಪೌಂಡು ಹೊಡೆದಂತೆ ಇದಕ್ಕೂ ಹೊಡೆದರೆ ಕೊಟ್ಟ ಹಣ ವ್ಯರ್ಥ. ಸವಾರ ಕುಳಿತಾಗ ಟೈರು ತನ್ನ ಎತ್ತರದ ನೂರಕ್ಕೆ ಹದಿನೈದರಷ್ಟು ತಗ್ಗಬೇಕೆಂದು ಅಮೆರಿಕದ ಫ್ರಾಂಕ್ ಬರ್ಟೊ ಒಂದು ಲೆಕ್ಕ ಕೊಟ್ಟಿದ್ದಾನೆ. 40 ಮಿಲಿಮೀಟರಿನ ಟೈರಿಗೆ ಇದು ಆರು ಮಿಲಿಮೀಟರು. ಮಧ್ಯಮ ಮೈಕಟ್ಟಿನವರಿಗೆ ನಲವತ್ತರಿಂದ ಐವತ್ತು ಪೌಂಡು ಸಾಕು. ಭಾರವೆಲ್ಲ ಹಿಂದೆ ಬೀಳುವುದರಿಂದ ಮುಂದಿನ ಚಕ್ರಕ್ಕೆ ಇನ್ನೂ ಸ್ವಲ್ಪ ಕಡಮೆ.

ಹೊಸ ಟೈರನ್ನು ಹದಕ್ಕೆ ತರುವ ಕೆಲಸವೂ ಉಂಟು. ಹಾಕಿದ ಮೇಲೆ ಚಕ್ರವನ್ನು ತಿರುಗಿಸಿ, ರಿಮ್ಮಿನಂಚಿನಲ್ಲಿ ಕಾಣುವ ಗೆರೆ ಸುತ್ತಲೂ ಒಂದೇ ಸಮನಾಗಿ ಕುಳಿತಿದೆಯೇ ಎಂದು ನೋಡಬೇಕು. ಅಚ್ಚಿನಿಂದ ಬಂದ ಹೊಸ ಮೈ ನಯವಾಗಿರುತ್ತದೆ. ಮೊದಲ ಐವತ್ತು ಕಿಲೋಮೀಟರು ಒದ್ದೆಯಾದ ತಿರುವುಗಳಲ್ಲಿ ವಾಲಬಾರದು. ಹಿಂದೆ ಯೂರೋಪಿನ ಪಂದ್ಯಗಾರರು ರಿಮ್ಮಿಗೆ ಅಂಟಿಸುವ ಟೈರುಗಳನ್ನು ಕತ್ತಲೆಯ ನೆಲಮಾಳಿಗೆಯಲ್ಲಿ ದ್ರಾಕ್ಷಾರಸದಂತೆ ವರ್ಷಗಟ್ಟಲೆ ‘ಮಾಗಲು’ ಇಡುತ್ತಿದ್ದುದುಂಟು. ನಮ್ಮ ಟೈರಿಗೆ ಅಂಥ ಉಪಚಾರವೇನೂ ಬೇಡ. ಕಛೇರಿಗೆ ಒಂದು ವಾರ ಹೋಗಿ ಬಂದರೆ ತಾನೇ ಹದಕ್ಕೆ ಬರುತ್ತದೆ.